ಕಾರಿನ ಜಿಪಿಎಸ್‌ಗೆ ಕ್ಯಾಮೆರಾ ಡೇಟಾಬೇಸ್ ಆರಿಸುವುದು ಹೇಗೆ: ಕಾಸರಗೋಡಿನ ದಾರಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ನನ್ನ ಭಾವನಿಗೆ ಒಂದು ಚಲನ್ ಬಂತು, 500 ರೂಪಾಯಿಯದ್ದು. ಫೋಟೋದಲ್ಲಿ ಎಲ್ಲ ಸ್ಪಷ್ಟ. ಸ್ಟೀರಿಂಗ್ ಹಿಡಿದ ಭಾವ, ಪಕ್ಕದ ಸೀಟಿನಲ್ಲಿ ಅಡಿಕೆ ಗೋಣಿ, ಎದೆಯ ಮೇಲೆ ಬೆಲ್ಟ್ ಇಲ್ಲ. ಅವರಿಗೆ ದಂಡದ ಬೇಸರಕ್ಕಿಂತ ಜಿಪಿಎಸ್ ಮೇಲಿನ ಸಿಟ್ಟೇ ಜಾಸ್ತಿ. "ಲಕ್ಷಗಟ್ಟಲೆ ಕ್ಯಾಮೆರಾ ಉಂಟು ಅಂತ ಹೇಳಿ ದುಡ್ಡು ತೆಗೊಂಡಿದ್ದಾರೆ ಮಾರಾಯ, ಮನೆ ಹತ್ತಿರದ್ದು ಒಂದು ಗೊತ್ತಿಲ್ಲ ಇದಕ್ಕೆ!" ಅಂತ ಆ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದೆ. ಡಬ್ಬಿಯೊಳಗಿನ ಕ್ಯಾಮೆರಾ ಪಟ್ಟಿಯ ಫೈಲಿನಲ್ಲಿ (ಡೇಟಾಬೇಸ್ ಅನ್ನುವುದು ಇದನ್ನೇ) ಆ ಕ್ಯಾಮೆರಾ ಇತ್ತು! ಜಾಗವೂ ಸರಿಯಾಗಿತ್ತು. ಆದರೆ ಅದನ್ನು ವೇಗದ ಕ್ಯಾಮೆರಾ ಅಂತ ಬರೆದಿದ್ದರು, ಮಿತಿ 50 ಅಂತ ಹಾಕಿದ್ದರು. ಡಬ್ಬಿಯ ಸೆಟ್ಟಿಂಗಿನಲ್ಲಿ ಮಿತಿ ಮೀರಿದಾಗ ಮಾತ್ರ ಬೀಪ್ ಮಾಡು ಅಂತ ಇತ್ತು. ನಮ್ಮ ಭಾವ ಪೇಟೆಯಲ್ಲಿ ಐವತ್ತು ದಾಟುವ ಜನವೇ ಅಲ್ಲ. ಹಾಗಾಗಿ ಅದು ಬಾಯಿ ಮುಚ್ಚಿ ಕೂತಿತ್ತು, ಕಂಬದ ಮೇಲಿನ ಕ್ಯಾಮೆರಾ ಬೆಲ್ಟ್ ನೋಡಿ ಫೋಟೋ ಹೊಡೆಯಿತು.

ಅಂದರೆ, ಫೈಲಿನಲ್ಲಿ ಎಷ್ಟು ಕ್ಯಾಮೆರಾ ಇದೆ ಅನ್ನುವ ಲೆಕ್ಕ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ನೀವು ದಿನಾ ಹೋಗುವ ದಾರಿಯ ಹತ್ತು ಕ್ಯಾಮೆರಾಗಳ ಬಗ್ಗೆ ಅದು ಏನು ಬರೆದಿದೆ, ಯಾವಾಗ ಬರೆದಿದೆ ಅನ್ನುವುದೇ ಮುಖ್ಯ. ಅದನ್ನು ಪರೀಕ್ಷೆ ಮಾಡಿ ಆರಿಸುವುದು ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಮೊದಲು: ನಮ್ಮ ಕಡೆಯ ಕ್ಯಾಮೆರಾ ಏನನ್ನು ನೋಡುತ್ತದೆ?

ಇದು ಗೊತ್ತಿಲ್ಲದೆ ಡೇಟಾಬೇಸ್ ಕೊಂಡರೆ ಭಾವನ ಕಥೆಯೇ ಆಗುತ್ತದೆ. ಕೇರಳದಲ್ಲಿ ಸೇಫ್ ಕೇರಳ ಯೋಜನೆಯ ಕ್ಯಾಮೆರಾಗಳು ಶುರುವಾದದ್ದು 2023ರ ಏಪ್ರಿಲ್ 20ಕ್ಕೆ. ದಂಡ ಹಾಕಲು ತೊಡಗಿದ್ದು ಆ ವರ್ಷ ಜೂನ್ 5ರಿಂದ. ಆಗ ಒಟ್ಟು 726 ಕ್ಯಾಮೆರಾ. ಅದರಲ್ಲಿ 675 (ಎಐ ಕ್ಯಾಮೆರಾ ಅನ್ನುವುದು ಇವನ್ನೇ) ನೋಡುವುದು ಹೆಲ್ಮೆಟ್, ಸೀಟ್ ಬೆಲ್ಟ್, ಕೈಯಲ್ಲಿ ಫೋನ್, ಇಂಥದ್ದನ್ನು. 25 ಪಾರ್ಕಿಂಗಿಗೆ, 18 ಕೆಂಪು ದೀಪಕ್ಕೆ. ವೇಗ ಅಳೆಯುವುದು ಎಷ್ಟು ಗೊತ್ತಾ? ಕಂಬದ ಮೇಲೆ 4, ಗಾಡಿಯೊಳಗೆ ಇಟ್ಟುಕೊಂಡು ಓಡಾಡುವುದು 4. ಅಷ್ಟೇ. ಇದು ಈ ಯೋಜನೆಯ ಲೆಕ್ಕ. ಇದಲ್ಲದೆ ವೇಗ ಅಳೆಯುವ, ಪೊಲೀಸರ ಇಂಟರ್‌ಸೆಪ್ಟರ್ ಗಾಡಿಗಳೂ ಇರುತ್ತವೆ.

ಇನ್ನೊಂದು ಕಡೆ, ಪೇಟೆಯಲ್ಲಿ ಸಿಗುವ ಹೆಚ್ಚಿನ ಡೇಟಾಬೇಸ್‌ಗಳು ಯುರೋಪಿನ ರಸ್ತೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಅಲ್ಲಿ ಕ್ಯಾಮೆರಾ ಅಂದರೆ ಹೆಚ್ಚಾಗಿ ವೇಗದ್ದು, ಇಲ್ಲದಿದ್ದರೆ ಸಿಗ್ನಲಿನದ್ದು. ಬೆಲ್ಟ್ ನೋಡುವ ಕ್ಯಾಮೆರಾಕ್ಕೆ ಅವರ ಪಟ್ಟಿಯಲ್ಲಿ ಹೆಚ್ಚಾಗಿ ಹೆಸರೇ ಇರುವುದಿಲ್ಲ. ಹಾಗಾಗಿ ಇಲ್ಲಿಯ ಎಐ ಕ್ಯಾಮೆರಾವನ್ನು ಯಾರೋ ಸೇರಿಸುವಾಗ ಸುಮ್ನೆ ವೇಗದ ಕ್ಯಾಮೆರಾ ಅಂತ ಸೇರಿಸಿಬಿಡುತ್ತಾರೆ. ಹೀಗಿರುವಾಗ ನಿಮಗೆ ಎರಡು ದಾರಿ ಇದೆ. ಒಂದೋ ಬಗೆಯನ್ನು ಬೇರೆ ಬೇರೆ ಹೇಳುವ ಡೇಟಾಬೇಸ್ ಹುಡುಕಬೇಕು, ಇಲ್ಲವೇ ಎಲ್ಲ ಕ್ಯಾಮೆರಾಕ್ಕೂ, ವೇಗ ಎಷ್ಟಿದ್ದರೂ, ಬೀಪ್ ಬರುವ ಹಾಗೆ ಇಟ್ಟುಕೊಳ್ಳಬೇಕು.

(ಬೆಲ್ಟ್ ಹಾಕಿಕೊಂಡು, ಫೋನ್ ಕೈಗೆ ತೆಗೆದುಕೊಳ್ಳದೆ ಹೊರಟರೆ ಆ 675ರಲ್ಲಿ ಒಂದೂ ನಿಮ್ಮ ಕಾರಿನ ತಂಟೆಗೆ ಬರುವುದಿಲ್ಲ ಅನ್ನುವುದು ಬೇರೆ ಮಾತು. ಭಾವನಿಗೆ ಇದನ್ನು ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.)

ನಿಮ್ಮ ಕಾರಿನಲ್ಲಿ ಇರುವುದು ಯಾವುದು?

ಡೇಟಾಬೇಸ್ ಹುಡುಕುವ ಮೊದಲು ಅದು ಎಲ್ಲಿ ಕೂರಬೇಕು ಅಂತ ನೋಡಿ. ಗಾರ್ಮಿನ್‌ನಂಥ ಬೇರೆಯೇ ಜಿಪಿಎಸ್ ಡಬ್ಬಿ ಇದ್ದರೆ ಕಂಪನಿಯೇ ಕೊಡುವ ಪಿಒಐ ಲೋಡರ್ ಅನ್ನುವ ತಂತ್ರಾಂಶದಿಂದ ನಿಮ್ಮದೇ ಫೈಲ್ ಹಾಕಬಹುದು. ಅದಕ್ಕೆ ಸಿಎಸ್‌ವಿ ಅಥವಾ ಜಿಪಿಎಕ್ಸ್ ಫೈಲ್ ಬೇಕು. ಹಳೆಯ ಟಾಮ್‌ಟಾಮ್‌ಗೆ ಒವಿ2 ಅನ್ನುವ ಬಗೆ ಬೇಕು. ಐಗೋ ಅನ್ನುವ ನಕ್ಷೆಯ ತಂತ್ರಾಂಶ ಇರುವ ಸ್ಟೀರಿಯೋಗಳಿಗೆ ಸ್ಪೀಡ್‌ಕ್ಯಾಮ್ ಡಾಟ್ ಟಿಎಕ್ಸ್‌ಟಿ ಅನ್ನುವ ಒಂದೇ ಒಂದು ಪಠ್ಯದ ಫೈಲ್ ಸಾಕು.

ನಮ್ಮ ಊರಿನಲ್ಲಿ ಇನ್ನೊಂದು ಪಂಗಡ ಉಂಟು: ದುಬಾಯಿಯಿಂದ ಬರುವಾಗ ಯಾರೋ ತಂದು ಕೊಟ್ಟ ಸ್ಟೀರಿಯೋ. ಅದರಲ್ಲಿ ಗಲ್ಫಿನ ನಕ್ಷೆ, ಗಲ್ಫಿನ ಕ್ಯಾಮೆರಾ ತುಂಬಿರುತ್ತದೆ. ಅಂಥದ್ದಕ್ಕೆ ಮೊದಲು ಭಾರತದ ನಕ್ಷೆ ಹಾಕಿ. ಆಮೇಲೆ ಕ್ಯಾಮೆರಾದ ಯೋಚನೆ ಮಾಡಿದರಾಯಿತು.

ಕಾರಿನ ಜೊತೆಗೇ ಬಂದ ಪರದೆಯಾದರೆ ಹೆಚ್ಚಿನ ಕಡೆ ಹೊರಗಿನ ಫೈಲ್ ಸೇರಿಸಲು ಬಿಡುವುದಿಲ್ಲ. ಆಗ ಆಂಡ್ರಾಯ್ಡ್ ಆಟೋದಲ್ಲಿ ಫೋನಿನ ಆ್ಯಪ್ ತೋರಿಸುವುದೇ ಉಪಾಯ. ಗೂಗಲ್ ಮ್ಯಾಪ್ಸ್, ವೇಜ್, ಮ್ಯಾಪಲ್ಸ್, ಮೂರರಲ್ಲೂ ಕ್ಯಾಮೆರಾ ಎಚ್ಚರಿಕೆ ಇದೆ. ಇಂಟರ್ನೆಟ್ ಇಲ್ಲದೆಯೂ ಓಡುವುದು ಬೇಕಾದರೆ ಓಎಸ್‌ಎಂಆ್ಯಂಡ್ ಇದೆ.

ಫೈಲನ್ನು ತೆರೆದು ನೋಡಿ

ಮಾರುವವರು ಮಾದರಿ ಫೈಲ್ ಕೊಡದಿದ್ದರೆ ನಾನಂತೂ ಕೊಳ್ಳುವುದಿಲ್ಲ. ಐಗೋ ಬಗೆಯ ಫೈಲನ್ನು ನೋಟ್‌ಪ್ಯಾಡಿನಲ್ಲೇ ತೆರೆಯಬಹುದು. ಒಂದು ಸಾಲು ಹೀಗಿರುತ್ತದೆ (ಇದು ನಾನೇ ಮಾದರಿಗೆ ಬರೆದದ್ದು, ಅಲ್ಲಿ ಕ್ಯಾಮೆರಾ ಹುಡುಕಲು ಹೋಗಬೇಡಿ):

74.98765,12.50123,1,80,1,160

ಮೊದಲನೆಯದು ರೇಖಾಂಶ, ಎರಡನೆಯದು ಅಕ್ಷಾಂಶ. ಮೂರನೆಯದು ಕ್ಯಾಮೆರಾದ ಬಗೆ: 1 ಅಂದರೆ ಕಂಬದ ಮೇಲಿನ ವೇಗದ ಕ್ಯಾಮೆರಾ, 2 ಅಂದರೆ ವೇಗ ಮತ್ತು ಸಿಗ್ನಲ್ ಎರಡೂ, 3 ಸಿಗ್ನಲ್ ಮಾತ್ರ, 4 ಒಂದು ತುದಿಯಿಂದ ಇನ್ನೊಂದು ತುದಿಗೆ ಸರಾಸರಿ ವೇಗ ಲೆಕ್ಕ ಹಾಕುವುದು, 5 ಓಡಾಡುವ ಕ್ಯಾಮೆರಾ. ನಾಲ್ಕನೆಯದು ವೇಗದ ಮಿತಿ. ಐದನೆಯದು ದಿಕ್ಕಿನ ಬಗೆ: 0 ಆದರೆ ಎಲ್ಲ ಕಡೆಯಿಂದ ಬಂದರೂ ಬೀಪ್, 1 ಆದರೆ ಒಂದೇ ಕಡೆಯಿಂದ, 2 ಆದರೆ ಹೋಗುವಾಗ ಬರುವಾಗ ಎರಡೂ. ಕೊನೆಯದು ದಿಕ್ಕು, ಡಿಗ್ರಿಯಲ್ಲಿ. ಉತ್ತರ 0, ಪೂರ್ವ 90, ದಕ್ಷಿಣ 180.

ಈ ದಿಕ್ಕಿನ ಅಂಕಣವನ್ನು ಸ್ವಲ್ಪ ಹೊತ್ತು ನೋಡಿ, ಹೆಚ್ಚಿನ ತೊಂದರೆ ಇಲ್ಲೇ ಇರುವುದು. ತಲಪಾಡಿಯಿಂದ ಕಾಸರಗೋಡಿಗೆ ಬರುವಾಗ ನಿಮ್ಮ ಗಾಡಿಯ ಮೂತಿ ಹೆಚ್ಚು ಕಡಿಮೆ 160 ಡಿಗ್ರಿಗೆ ಇರುತ್ತದೆ. ಹಿಂದೆ ಹೋಗುವಾಗ 340. ಐಗೋ ಫೈಲಿನಲ್ಲಿ ಬರೆಯಬೇಕಾದ್ದು ಗಾಡಿ ಹೋಗುವ ದಿಕ್ಕು. ಆದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ (ಜನರೇ ಸೇರಿ ಮಾಡುವ ಪುಕ್ಕಟೆ ನಕ್ಷೆ ಅದು) ಬರೆಯುವುದು ಕ್ಯಾಮೆರಾ ಯಾವ ಕಡೆಗೆ ಮುಖ ಮಾಡಿದೆ ಅಂತ. ಎದುರಿನಿಂದ ಫೋಟೋ ತೆಗೆಯುವ ಕ್ಯಾಮೆರಾ ಆದರೆ ಇವೆರಡೂ ಸರೀ ಉಲ್ಟಾ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಯಾರಾದರೂ 180 ಡಿಗ್ರಿ ತಿರುಗಿಸಲು ಮರೆತರೆ ನಿಮಗೆ ಹೋಗುವಾಗ ಬೀಪ್ ಇಲ್ಲ, ಬರುವಾಗ ಸುಮ್ನೆ ಬೀಪ್. ಎಲ್ಲ ಸಾಲಿನಲ್ಲೂ ಐದನೇ ಅಂಕಣ 0 ಅಂತ ಇದ್ದರೆ, ಮಾಡಿದವರು ದಿಕ್ಕಿನ ಗೋಜಿಗೇ ಹೋಗಿಲ್ಲ ಅಂತ ಅರ್ಥ. ಅದು ತಪ್ಪು ಅಲ್ಲ, ಆದರೆ ಕಿರಿಕಿರಿ ಜಾಸ್ತಿ.

ಜಾಗದ ಅಂಕಿಯಲ್ಲಿ ಚುಕ್ಕೆಯ ನಂತರ ಎಷ್ಟು ಅಂಕೆ ಇದೆ ನೋಡಿ. ಮೂರೇ ಇದ್ದರೆ ನೂರು ಮೀಟರಿನಷ್ಟು ಆಚೀಚೆ ಆಗಬಹುದು. ನಾಲ್ಕು ಇದ್ದರೆ ಹತ್ತು ಹನ್ನೊಂದು ಮೀಟರ್. ಐದು ಇದ್ದರೆ ಧಾರಾಳ ಸಾಕು.

ಆಮೇಲೆ ತಾರೀಕು. ಫೈಲಿನ ಹೆಸರಿನಲ್ಲಿ ಈ ತಿಂಗಳ ಹೆಸರು ಇದೆ ಅಂತ ನಂಬಬೇಡಿ, ಒಳಗಿನದ್ದು ಹಳತೇ ಇರಬಹುದು. ಅದನ್ನು ಹಿಡಿಯಲು ನನ್ನದೊಂದು ಉಪಾಯ ಇದೆ. ಕೇರಳದಲ್ಲಿ 2023ರ ಜುಲೈ 1ರಿಂದ ವೇಗದ ಮಿತಿ ಬದಲಾಯಿತು. ಕಾರುಗಳಿಗೆ ಆರು ಲೇನಿನ ಹೆದ್ದಾರಿಯಲ್ಲಿ 110, ನಾಲ್ಕು ಲೇನಿನ ಹೆದ್ದಾರಿಯಲ್ಲಿ 100, ಬೇರೆ ರಾಷ್ಟ್ರೀಯ ಹೆದ್ದಾರಿಯಲ್ಲಿ 90, ರಾಜ್ಯ ಹೆದ್ದಾರಿಯಲ್ಲಿ 80, ಪೇಟೆಯಲ್ಲಿ 50. ಅದಕ್ಕೂ ಮೊದಲು ಬೇರೆ ರಾಷ್ಟ್ರೀಯ ಹೆದ್ದಾರಿಯ ಮಿತಿ 85 ಇತ್ತು. ಕೇರಳದ ಸಾಲುಗಳಲ್ಲಿ ಈ 85 ಅನ್ನುವ ಅಂಕಿ ಇನ್ನೂ ಕಾಣುತ್ತಿದ್ದರೆ ಆ ಸಾಲನ್ನು ಆಮೇಲೆ ಯಾರೂ ಮುಟ್ಟಿಲ್ಲ ಅಂತ ತಿಳಿಯಿರಿ. ಹಾಗಂತ ಫೈಲಿನಲ್ಲಿ 100 ಇದೆ ಅಂತ ನೂರರಲ್ಲಿ ಹೋಗಬೇಡಿ. ರಸ್ತೆ ಬದಿಯ ಬೋರ್ಡಿನಲ್ಲಿ ಅದಕ್ಕಿಂತ ಕಡಿಮೆ ಬರೆದಿದ್ದರೆ ಬೋರ್ಡಿನದ್ದೇ ಲೆಕ್ಕ.

ನಮ್ಮ ಹೆದ್ದಾರಿಯ ತಲೆನೋವು

ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಆರು ಲೇನ್ ಆದ ಮೇಲೆ ಹಳೆಯ ಫೈಲುಗಳೆಲ್ಲ ಅರ್ಧಕ್ಕರ್ಧ ಕಸ. ಹಳೆಯ ರಸ್ತೆಯ ಅಂಚಿನಲ್ಲಿದ್ದ ಕಂಬದ ಜಾಗ ಈಗ ಸರ್ವಿಸ್ ರೋಡಿನ ನಡುವೆ ಬಂದಿರಬಹುದು, ಗೋಡೆಯೊಳಗೆ ಹೋಗಿರಬಹುದು. ಎಐ ಕ್ಯಾಮೆರಾಗಳು ಸೋಲಾರ್‌ನಲ್ಲಿ ಓಡುತ್ತವೆ, ಹಾಗಾಗಿ ಕಿತ್ತು ಬೇರೆ ಕಡೆ ನೆಡುವುದು ದೊಡ್ಡ ಕೆಲಸ ಅಲ್ಲ.

ಅದಕ್ಕಿಂತ ದೊಡ್ಡದು ಮೇಲೆ ಕೆಳಗೆ ಆಗುವ ಗೊಂದಲ. ಕಾಸರಗೋಡು ಪೇಟೆಯಲ್ಲಿ ನೀವು ಫ್ಲೈಓವರ್ ಮೇಲೆ ಹೋಗುತ್ತಿರುತ್ತೀರಿ, ಕೆಳಗಿನ ರಸ್ತೆಯ 50ರ ಮಿತಿ ಹಿಡಿದುಕೊಂಡು ಡಬ್ಬಿ ಬೊಬ್ಬೆ ಹೊಡೆಯುತ್ತದೆ. ಜಿಪಿಎಸ್‌ಗೆ ಎತ್ತರ ಸರಿಯಾಗಿ ತಿಳಿಯುವುದಿಲ್ಲ, ಸರ್ವಿಸ್ ರೋಡ್ ಮತ್ತು ಮುಖ್ಯ ರಸ್ತೆಯ ನಡುವಿನ ನಾಲ್ಕೈದು ಮೀಟರ್ ಅಂತರವೂ ತಿಳಿಯುವುದಿಲ್ಲ. ಬರೀ ಜಾಗದ ಚುಕ್ಕೆ ಇರುವ ಡೇಟಾಬೇಸ್ ಇಲ್ಲಿ ಸೋಲುತ್ತದೆ. ನಕ್ಷೆಯ ರಸ್ತೆಗೇ ಕ್ಯಾಮೆರಾವನ್ನು ಅಂಟಿಸಿಡುವ ಆ್ಯಪ್‌ಗಳು ಸ್ವಲ್ಪ ವಾಸಿ, ಅದೂ ಅವರ ನಕ್ಷೆಯಲ್ಲಿ ಹೊಸ ರಸ್ತೆ ಬಂದಿದ್ದರೆ. ಒಮ್ಮೆ ಪರದೆ ನೋಡಿ. ನಿಮ್ಮ ಬಾಣದ ಗುರುತು ಹೊಸ ಹೆದ್ದಾರಿಯ ಪಕ್ಕದ ತೋಟದಲ್ಲಿ ಹೋಗುತ್ತಿದ್ದರೆ ಅದರ ಕ್ಯಾಮೆರಾ ಪಟ್ಟಿಯನ್ನೂ ನಂಬಬೇಡಿ.

ಹತ್ತು ಕ್ಯಾಮೆರಾದ ಪರೀಕ್ಷೆ

ದುಡ್ಡು ಕೊಡುವ ಮೊದಲು ಇದನ್ನು ಮಾಡಿ. ಹೆಚ್ಚಿನ ಕಡೆ ಕೆಲವು ದಿನ ಪುಕ್ಕಟೆ ನೋಡಲು ಬಿಡುತ್ತಾರೆ, ಬಿಡದಿದ್ದರೆ ಒಂದು ತಿಂಗಳದ್ದು ಮಾತ್ರ ತೆಗೆದುಕೊಳ್ಳಿ. ವರ್ಷದ್ದು ಬೇಡ.

ಒಂದು ಭಾನುವಾರ ಬೆಳಿಗ್ಗೆ ಸುತ್ತು ಹೊಡೆಯಿರಿ. ನನ್ನ ಸುತ್ತು ಇದು: ಕುಂಬಳೆಯಿಂದ ಹೆದ್ದಾರಿಯಲ್ಲಿ ಕಾಸರಗೋಡು, ಅಲ್ಲಿಂದ ಚೆರ್ಕಳ, ಚೆರ್ಕಳದಿಂದ ಕಲ್ಲಡ್ಕ ರಸ್ತೆ ಹಿಡಿದು ಬದಿಯಡ್ಕ, ಮತ್ತೆ ನೀರ್ಚಾಲು ಸೀತಾಂಗೋಳಿ ಮೇಲೆ ಕುಂಬಳೆಗೆ ವಾಪಸ್. ಇದರಲ್ಲಿ ಆರು ಲೇನ್ ಇದೆ, ಪೇಟೆ ಇದೆ, ಗುಡ್ಡದ ತಿರುವು ಇದೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ದಾರಿ ಬೇಡ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ, ಬರೆಯುವುದು ಅವರ ಕೆಲಸ. ಗಾಡಿ ಓಡಿಸುತ್ತಾ ನೀವೇ ಬರೆಯಲು ಹೋಗಬೇಡಿ, ಕೈಯಲ್ಲಿ ಫೋನ್ ಕಂಡರೆ 2000 ರೂಪಾಯಿ.

ನನ್ನ ಜೊತೆ ಬಂದದ್ದು ಅಕ್ಕನ ಮಗಳು, ಒಂಬತ್ತನೇ ಕ್ಲಾಸು. ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಹಾಕಿಕೊಂಡಳು. ಕ್ಯಾಮೆರಾ ಇತ್ತು, ಬೀಪ್ ಬಂತು. ಕ್ಯಾಮೆರಾ ಇತ್ತು, ಬೀಪ್ ಇಲ್ಲ. ಕ್ಯಾಮೆರಾ ಇಲ್ಲ, ಬೀಪ್ ಬಂತು. ಎರಡು ಆ್ಯಪ್ ಮತ್ತು ಭಾವನ ಡಬ್ಬಿ, ಮೂರನ್ನೂ ಒಟ್ಟಿಗೆ ಹಾಕಿದ್ದೆವು. ಭಾವನ ಡಬ್ಬಿಯ ಮೂರನೇ ಅಂಕಣವೇ ತುಂಬಿ ಹೋಯಿತು. ಒಂದು ಕಡೆ ಅದು ಬೀಪ್ ಮಾಡಿದಾಗ ಅವಳು ಕಿಟಕಿಯಿಂದ ಇಣುಕಿ ನೋಡಿ, "ಮಾವ, ಇಲ್ಲಿ ಬರೀ ಕಂಬದ ಬುಡ ಉಂಟು" ಅಂದಳು. ಹೌದು, ಕಾಂಕ್ರೀಟಿನ ಬುಡ ಮತ್ತು ನಾಲ್ಕು ಬೋಲ್ಟ್ ಮಾತ್ರ ಉಳಿದಿತ್ತು. ಅದೇ ಜಾಗಕ್ಕೆ ಒಂದು ಆ್ಯಪ್ ಬೀಪ್ ಮಾಡಲಿಲ್ಲ. ಆ ಆ್ಯಪ್‌ನ ಪಟ್ಟಿ ಯಾರೋ ನೋಡಿಕೊಳ್ಳುತ್ತಿದ್ದಾರೆ ಅಂತ ಅಲ್ಲೇ ಗೊತ್ತಾಯಿತು.

ಅಂಕ ಹಾಕುವುದು ಹೇಗೆ? ನನ್ನ ಲೆಕ್ಕದಲ್ಲಿ ಹತ್ತರಲ್ಲಿ ಎಂಟು ಹಿಡಿದರೆ ಕೊಳ್ಳಬಹುದು. ಸುಳ್ಳು ಬೀಪ್ ಒಂದೆರಡು ಇದ್ದರೆ ಪರವಾಗಿಲ್ಲ. ಐದಾರು ಸುಳ್ಳು ಬೀಪ್ ಇದ್ದರೆ, ಎಲ್ಲ ಕ್ಯಾಮೆರಾವನ್ನೂ ಹಿಡಿದರೂ ಬೇಡ. ಒಂದು ವಾರದಲ್ಲಿ ನೀವು ಅದರ ಮಾತಿಗೆ ಕಿವಿ ಕೊಡುವುದನ್ನೇ ಬಿಡುತ್ತೀರಿ.

ಮಂಗಳೂರು, ಪುತ್ತೂರು, ಸುಳ್ಯಕ್ಕೆ ಆಗಾಗ ಹೋಗುವವರಾದರೆ ಗಡಿಯ ಆಚೆಯೂ ಒಂದು ಸುತ್ತು ಹಾಕಿ. ರಾಜ್ಯ ರಾಜ್ಯಕ್ಕೆ ಪಟ್ಟಿ ಮಾಡಿದವರು ಬೇರೆ ಬೇರೆ ಇರಬಹುದು. ಕೇರಳದ ಕಡೆ ಚೆನ್ನಾಗಿದ್ದು ತಲಪಾಡಿ ದಾಟಿದ ಕೂಡಲೇ ಮೌನ ಆಗುವುದೂ ಉಂಟು.

ದುಡ್ಡು ಕೊಡಬೇಕಾ, ಪುಕ್ಕಟೆ ಸಾಕಾ?

ಬರೀ ನಮ್ಮ ಜಿಲ್ಲೆ ಮತ್ತು ಮಂಗಳೂರಿನ ಒಳಗೆ ಓಡಾಡುವವರಿಗೆ ಪುಕ್ಕಟೆಯದ್ದೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯನ್ನು ಓವರ್‌ಪಾಸ್ ಟರ್ಬೋ ಅನ್ನುವ ಜಾಲತಾಣದಲ್ಲಿ ತೆಗೆಯಬಹುದು. ನಕ್ಷೆಯನ್ನು ಕಾಸರಗೋಡಿನ ಮೇಲೆ ತಂದು ಸ್ಪೀಡ್ ಕ್ಯಾಮೆರಾ ಅಂತ ಹುಡುಕಿ, ಬಂದದ್ದನ್ನು ಜಿಪಿಎಕ್ಸ್ ಆಗಿ ಇಳಿಸಿಕೊಳ್ಳಿ. ಗಾರ್ಮಿನ್‌ಗೆ ಅದನ್ನು ಹಾಗೆಯೇ ಹಾಕಬಹುದು. ಎಣಿಕೆ ಕಡಿಮೆ ಕಂಡರೆ ಖಾತೆ ತೆರೆದು ನೀವೇ ಸೇರಿಸಿ, ಎಲ್ಲರಿಗೂ ಉಪಕಾರ.

ಬೆಂಗಳೂರು, ಕೊಚ್ಚಿ ಅಂತ ದೂರ ಓಡಾಡುವವರಿಗೆ, ಟ್ಯಾಕ್ಸಿಯವರಿಗೆ ತಿಂಗಳು ತಿಂಗಳು ಹೊಸದಾಗುವ, ದುಡ್ಡಿನ ಪಟ್ಟಿ ಅಥವಾ ನೇರ ಸುದ್ದಿ ಬರುವ ಆ್ಯಪ್ ಒಳ್ಳೆಯದು. ಗಾಡಿಯೊಳಗಿನ ಕ್ಯಾಮೆರಾ ಇವತ್ತು ಉಪ್ಪಳದಲ್ಲಿದ್ದರೆ ನಾಳೆ ಬೇಕಲದಲ್ಲಿರಬಹುದು. ಅದನ್ನು ಯಾವ ಫೈಲೂ ಹಿಡಿಯುವುದಿಲ್ಲ, ಮುಂದೆ ಹೋದವರು ಹೇಳಿದರೆ ಮಾತ್ರ ಗೊತ್ತಾಗುತ್ತದೆ.

ವಾಟ್ಸಾಪ್‌ನಲ್ಲಿ ಬರುವ, ಬೀಗ ಒಡೆದ ಆ್ಯಪ್ ಫೈಲುಗಳನ್ನು ಹಾಕಬೇಡಿ. ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕೂ ಇದೆ.

ಹಾಕುವಾಗ ಆಗುವ ತಪ್ಪುಗಳು

ಹಳೆಯ ಫೈಲನ್ನು ಮೊದಲು ಬೇರೆ ಕಡೆ ಕಾಪಿ ಮಾಡಿಡಿ. ಐಗೋದಲ್ಲಿ ಫೈಲ್ ಹೋಗಬೇಕಾದ್ದು ಕಂಟೆಂಟ್ ಫೋಲ್ಡರಿನ ಒಳಗಿನ ಸ್ಪೀಡ್‌ಕ್ಯಾಮ್ ಫೋಲ್ಡರಿಗೆ.

ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಗೂಗಲ್ ಮ್ಯಾಪ್ಸ್‌ನಿಂದ ಜಾಗ ಕಾಪಿ ಮಾಡಿದರೆ ಅದು ಉಲ್ಟಾ ಬರುತ್ತದೆ, 12 ಮೊದಲು, 75 ಆಮೇಲೆ. ಹಾಗೆಯೇ ಅಂಟಿಸಿದರೆ ನಿಮ್ಮ ಕ್ಯಾಮೆರಾ ನಾರ್ವೆಗಿಂತಲೂ ಉತ್ತರದ ಸಮುದ್ರದಲ್ಲಿ ಹೋಗಿ ಕೂರುತ್ತದೆ. ನಾನು ಮೊದಲ ಸಲ ಹದಿನಾಲ್ಕು ಕ್ಯಾಮೆರಾವನ್ನು ಹೀಗೆ ಮುಳುಗಿಸಿದ್ದೆ.

ಗಾರ್ಮಿನ್‌ನಲ್ಲಿ ಹೆಸರಿನ ಜೊತೆ @ ಗುರುತು ಹಾಕಿ ಮಿತಿ ಬರೆದರೆ, ಉದಾಹರಣೆಗೆ ಕ್ಯಾಮೆರಾ@80, ಆ ವೇಗ ಮೀರಿದಾಗ ಅದು ಎಚ್ಚರಿಸುತ್ತದೆ. ಬೆಲ್ಟ್ ಕ್ಯಾಮೆರಾಗಳಿಗೆ ಹಾಗೆ ಹಾಕಬೇಡಿ. ಅವನ್ನು ಬೇರೆ ಫೈಲಿನಲ್ಲಿಟ್ಟು, ಪಿಒಐ ಲೋಡರಿನ ಮ್ಯಾನುವಲ್ ವಿಧಾನದಲ್ಲಿ ದೂರದ ಮೇಲೆ ಬೀಪ್ ಕೊಡಿ. ಅಳತೆ ಕೇಳುವಾಗ ಮೀಟರ್, ಕಿಲೋಮೀಟರ್ ಆರಿಸಿ. ಮೈಲಿ ಅಂತ ಬಿಟ್ಟರೆ 80 ಅಂದದ್ದು 129 ಕಿಲೋಮೀಟರ್ ಆಗುತ್ತದೆ.

ಎಷ್ಟು ದೂರದಲ್ಲಿ ಬೀಪ್ ಬರಬೇಕು? 80ರಲ್ಲಿ ಹೋಗುವ ಗಾಡಿ ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. 300 ಮೀಟರ್ ಇಟ್ಟರೆ ಹದಿಮೂರು ಸೆಕೆಂಡ್ ಸಿಗುತ್ತದೆ, ಆರಾಮವಾಗಿ ಕಾಲು ತೆಗೆಯಬಹುದು. ಹೆದ್ದಾರಿಗೆ 500 ಇಡಿ, ಪೇಟೆಗೆ 200. ಪೇಟೆಗೂ 500 ಇಟ್ಟರೆ ಪಕ್ಕದ ಬೀದಿಯದ್ದಕ್ಕೂ ಕೂಗುತ್ತದೆ. ಇನ್ನು 50 ಮೀಟರ್ ಇಟ್ಟುಕೊಂಡು ಕ್ಯಾಮೆರಾದ ಬುಡದಲ್ಲಿ ಸಡನ್ ಬ್ರೇಕ್ ಹಾಕುವವರ ಹಿಂದೆ ಮೀನಿನ ಲಾರಿ ಇರುತ್ತದೆ ಅನ್ನುವುದು ನೆನಪಿರಲಿ.

ಕಾನೂನು ಏನು ಹೇಳುತ್ತದೆ

ಕ್ಯಾಮೆರಾ ಇರುವ ಜಾಗದ ಪಟ್ಟಿ ಇಟ್ಟುಕೊಳ್ಳುವುದು ಒಂದು, ರೇಡಾರ್ ಸಿಗ್ನಲ್ ಕೆಡಿಸುವ ಜ್ಯಾಮರ್ ಇನ್ನೊಂದು. ಎರಡನೆಯದರ ಹತ್ತಿರವೂ ಹೋಗಬೇಡಿ. ಪಟ್ಟಿಯ ವಿಷಯದಲ್ಲಿ ನಮ್ಮಲ್ಲಿ ಗುಟ್ಟು ಏನೂ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಕ್ಕೆ 2021ರಲ್ಲಿ ಸೇರಿದ 167ಎ ಪ್ರಕಾರ ಕ್ಯಾಮೆರಾ ಇರುವ ದಾರಿಗೆ ಮೊದಲೇ ಬೋರ್ಡ್ ಹಾಕಬೇಕು, ತಪ್ಪಾದ ಹದಿನೈದು ದಿನದೊಳಗೆ ನೋಟಿಸ್ ಕಳಿಸಬೇಕು. ಹೊರದೇಶಕ್ಕೆ ಹೋದರೆ ಮಾತ್ರ ಹುಷಾರ್. ಜರ್ಮನಿಯಲ್ಲಿ ಓಡಿಸುವವರು ಇಂಥದ್ದನ್ನು ಬಳಸುವ ಹಾಗಿಲ್ಲ, ಸ್ವಿಟ್ಜರ್ಲೆಂಡಿನಲ್ಲಿ ಪೂರ್ತಿ ನಿಷೇಧ.

ನೋಟಿಸಿನ ಮೆಸೇಜ್ ಬರುವುದು ಆರ್‌ಸಿಗೆ ಕೊಟ್ಟ ನಂಬರಿಗೆ. ನಮ್ಮ ಊರಿನಲ್ಲಿ ಎಷ್ಟೋ ಗಾಡಿಗಳ ಆರ್‌ಸಿ ಗಲ್ಫಿನಲ್ಲಿರುವ ಮಗನ ಹೆಸರಲ್ಲಿ, ಕೊಟ್ಟ ಸಿಮ್ ಬಂದ್ ಆಗಿ ವರ್ಷ ಆಗಿರುತ್ತದೆ. ಪರಿವಾಹನ್ ತಾಣದಲ್ಲಿ ನಂಬರ್ ಬದಲಿಸಿ, ಗಾಡಿಯ ನಂಬರ್ ಹಾಕಿ ಬಾಕಿ ಚಲನ್ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಆಮೇಲೆ

ತಿಂಗಳಿಗೊಮ್ಮೆ ಹೊಸ ಫೈಲ್ ಹಾಕಿ. ನಿಮ್ಮ ಸ್ವಂತ ಜಾಗಗಳನ್ನು, ಅಂದರೆ ಶಾಲೆಯ ಎದುರು, ಬೋರ್ಡಿಲ್ಲದ ಹಂಪ್, ಇಂಥದ್ದನ್ನೆಲ್ಲ ಬೇರೆಯೇ ಫೈಲಿನಲ್ಲಿ ಇಡಿ. ಕೊಂಡ ಫೈಲಿನ ಒಳಗೇ ಬರೆದರೆ ಮುಂದಿನ ಸಲ ಹೊಸದು ಹಾಕುವಾಗ ಎಲ್ಲ ಅಳಿಸಿ ಹೋಗುತ್ತದೆ.

ಭಾವನ ಡಬ್ಬಿಗೆ ನಾನು ಮೂರು ಫೈಲ್ ಮಾಡಿ ಕೊಟ್ಟೆ: ವೇಗ, ಬೆಲ್ಟ್, ಹಂಪ್. ಬೆಲ್ಟಿನ ಫೈಲಿಗೆ ಅಕ್ಕನ ಮಗಳು ತನ್ನ ದನಿಯನ್ನೇ ರೆಕಾರ್ಡ್ ಮಾಡಿ ಹಾಕಲು ನೋಡಿದಳು, ಆ ಡಬ್ಬಿ ಒಪ್ಪಲಿಲ್ಲ. ಈಗ ಪಕ್ಕದ ಸೀಟಿನಲ್ಲಿ ಕೂತು ಅವಳೇ ಹೇಳುತ್ತಾಳೆ.